ಉಳಿದ ಬಣ್ಣ ಯಾರಿಗೆ?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಅನೇಕ ಮನೆಗಳಲ್ಲಿ ಊಟದ ಮೇಜೇ ಕಚೇರಿಯಾಯಿತು. ಸೋಂಕಿನ ಭೀತಿ ಕಳೆದರೂ ಮನೆಯಲ್ಲೇ ಕುಳಿತು ಕೆಲಸ ಮಾಡುವ ಪದ್ಧತಿ ಪೂರ್ತಿಯಾಗಿ ಹೋಗಲಿಲ್ಲ. ನಮ್ಮಲ್ಲೂ ಹಾಗೆಯೇ. ಹಳೆಯ ಸಾಮಾನು ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿ, ಮೇಜು ಕುರ್ಚಿ ಹಾಕಿ, ಅದನ್ನೇ ಕಚೇರಿಯೆಂದು ಕರೆದುಕೊಂಡೆವು. ಇತ್ತೀಚೆಗೆ ಅದಕ್ಕೆ ಹೊಸ ಬಣ್ಣ ಬಳಿಸಿ, ದೀಪಗಳನ್ನೂ ಬದಲಿಸಿದೆವು.

ಅದಕ್ಕೆ ಮುನ್ನ ಸಾಕಷ್ಟು ವಿಚಾರಿಸಿದ್ದೆವು. ಹೊಳಪಿನ ಗೋಡೆ ದೀಪದ ಬೆಳಕನ್ನು ಕಣ್ಣಿಗೇ ಮರಳಿಸುತ್ತದೆ, ಆದ್ದರಿಂದ ಹೊಳಪಿಲ್ಲದ ತಿಳಿ ಬಣ್ಣ ಲೇಸು. ಕಿಟಕಿ ಮೇಜಿನ ಪಕ್ಕಕ್ಕೆ ಬಂದರೆ ಕಂಪ್ಯೂಟರಿನ ಪರದೆಯಲ್ಲಿ ಬೆಳಕು ಕುಕ್ಕುವುದಿಲ್ಲ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಗಡೆ ಇರಬೇಕು, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. 2700 ಕೆಲ್ವಿನ್‌ನ ದೀಪ ಹಳದಿ, 6500ರದ್ದು ನೀಲಿ ಛಾಯೆಯ ಬಿಳಿ. ನಾವು ನಡುವಿನ 4000ವನ್ನು ಆರಿಸಿಕೊಂಡೆವು. ಇದರಲ್ಲಿ ಆಡಂಬರವೇನೂ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ದುಡಿಯುವ ಕಣ್ಣಿಗೆ ಇಷ್ಟಾದರೂ ಬೇಡವೇ?

ಗೋಡೆಗೆ ಎರಡನೆಯ ಕೋಟ್ ಮುಗಿದಾಗ ಬಣ್ಣ ಬಳಿಯುವಾತ ಕೇಳಿದ: "ಸಾಹೇಬ್ರೇ, ಅಡುಗೆ ಕೋಣೆ ಹಾಗೆಯೇ ಬಿಡುವುದಾ?"

"ಡಬ್ಬದಲ್ಲಿ ಉಳಿದಿದ್ದರೆ ಅಲ್ಲಿಗೂ ಒಂದು ಕೈ ಹೊಡೆದುಬಿಡು" ಎಂದೆವು.

ಆತ ತಲೆಯಾಡಿಸಿದ. "ಇದು ಅಲ್ಲಿಗೆ ಆಗುವುದಿಲ್ಲ. ಎಣ್ಣೆ, ಹೊಗೆ, ಹಬೆ ಎಲ್ಲ ಹಿಡಿಯುತ್ತದೆ. ಒರೆಸಿದರೆ ಬಣ್ಣವೇ ಎದ್ದು ಬರುತ್ತದೆ. ಅಲ್ಲಿಗೆ ತೊಳೆಯುವಂಥದ್ದೇ ಬೇಕು."

ಆತ ಹೇಳಿದ್ದು ಬಣ್ಣದ ವಿಷಯ. ಆದರೆ ನಮ್ಮನ್ನು ಕಾಡಿದ್ದು ನಮ್ಮದೇ ಬಾಯಿಂದ ಬಂದ "ಉಳಿದಿದ್ದರೆ" ಎಂಬ ಮಾತು.

ಅಂದು ಅಡುಗೆ ಕೋಣೆಯನ್ನು ಹೊಸದಾಗಿ ನೋಡಿದೆವು. ಇದ್ದ ಒಂದೇ ದೀಪ ಬಾಗಿಲ ಮೇಲೆ, ಒಲೆಯ ಮುಂದೆ ನಿಂತವರ ಬೆನ್ನ ಹಿಂದೆ. ತರಕಾರಿ ಹೆಚ್ಚುವಾಗ ಹೆಚ್ಚುವವರ ನೆರಳೇ ಚೂರಿಯ ಮೇಲೆ ಬೀಳುತ್ತದೆ. ನಮ್ಮ ಅಕ್ಷರದ ಮೇಲೆ ಕೈಯ ನೆರಳು ಬಿದ್ದದ್ದಕ್ಕೆ ಒಂದೇ ವಾರದಲ್ಲಿ ಎಲೆಕ್ಟ್ರೀಷಿಯನ್‌ನನ್ನು ಕರೆಸಿದ್ದೆವು. ಮನೆಯಾಕೆ ಆ ನೆರಳಿನಲ್ಲಿ ವರ್ಷಗಟ್ಟಲೆ ಹೆಚ್ಚಿದ್ದಳು. ಮನೆಯಲ್ಲೇ ಇದ್ದು ಕೆಲಸ ಮಾಡುವುದು ನಮಗೆ 2020ರ ಹೊಸ ಅನುಭವ. ಆಕೆಗೆ ಅದು ಮದುವೆಯಾದಂದಿನಿಂದ ಇದೆ.

ಸಂಪಾದನೆ ತರುವ ಕೋಣೆಗೆ ಮೊದಲು ಖರ್ಚು ಮಾಡುವುದು ನ್ಯಾಯವಲ್ಲವೇ ಎಂದು ಯಾರಾದರೂ ಕೇಳಬಹುದು. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದುಡಿಮೆ ನಿಂತರೆ ಒಲೆಯೂ ನಿಲ್ಲುತ್ತದೆ. ಆದರೆ ನಾವು ಒಳ್ಳೆಯ ದೀಪ ಹಾಕಿಸಿದ್ದು ಕಣ್ಣಿಗೆ ಬೇಕು ಎಂಬ ಕಾರಣಕ್ಕೆ. ಕಣ್ಣಿನ ಅಗತ್ಯ ಸಂಬಳವನ್ನು ನೋಡಿ ಹುಟ್ಟುವುದಿಲ್ಲ. ಅಗತ್ಯವೇ ಅಳತೆಗೋಲು ಎಂದಾದರೆ ಚೂರಿ, ಬೆಂಕಿ, ಕುದಿಯುವ ಎಣ್ಣೆಯ ನಡುವೆ ಕೆಲಸ ಮಾಡುವವರಿಗೆ ಬೆಳಕು ನಮಗಿಂತ ಮೊದಲು ಸಿಗಬೇಕಿತ್ತು.

ಇದು ಒಂದು ಮನೆಯ ಕತೆಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ಒಂದು ದಿನದಲ್ಲಿ ತೊಡಗಿದ ಮಹಿಳೆಯರು ಶೇ. 81.2, ಪುರುಷರು ಶೇ. 26.1. ಹಾಗೆ ತೊಡಗಿದವರಲ್ಲಿ ಮಹಿಳೆಯರು ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಟ್ಟರೆ ಪುರುಷರು ಕೊಟ್ಟದ್ದು 97 ನಿಮಿಷ. 299 ನಿಮಿಷವೆಂದರೆ ಹೆಚ್ಚುಕಡಿಮೆ ಐದು ಗಂಟೆ. ರಜೆಯಿಲ್ಲದ, ನಿವೃತ್ತಿಯಿಲ್ಲದ ಐದು ಗಂಟೆ. ಆದರೂ "ಮನೆಯಾಕೆ ಏನು ಮಾಡುತ್ತಾರೆ?" ಎಂದು ಕೇಳಿದರೆ "ಮನೆಯಲ್ಲೇ ಇದ್ದಾರೆ" ಎನ್ನುತ್ತೇವೆ.

ನಮಗೆ ಇದು ಏಕೆ ಕಾಣಲಿಲ್ಲ? ಕೆಟ್ಟ ಮನಸ್ಸಿನಿಂದಲ್ಲ ಎಂದು ಹೇಳಿಕೊಳ್ಳಬಹುದು. ಆಕೆ ದೂರಲಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡೆವು. ಮೌನವನ್ನು ಸಮ್ಮತಿಯೆಂದು ತಿಳಿಯುವುದು ತಿಳಿದುಕೊಳ್ಳುವವನಿಗೆ ಬಹಳ ಅನುಕೂಲ. ಅನ್ಯಾಯ ಯಾವಾಗಲೂ ದಬ್ಬಾಳಿಕೆಯ ರೂಪದಲ್ಲೇ ಬರಬೇಕೆಂದಿಲ್ಲ. ಒಬ್ಬರ ಅಗತ್ಯವನ್ನು ಲೆಕ್ಕ ಹಾಕಿ ಕೊಂಡು, ಇನ್ನೊಬ್ಬರ ಅಗತ್ಯವನ್ನು ಉಳಿದದ್ದರಲ್ಲಿ ಪೂರೈಸುವ ಅಭ್ಯಾಸವಾಗಿಯೂ ಅದು ಮನೆಯೊಳಗೆ ನೆಲೆಸುತ್ತದೆ.

ಮರುದಿನ ತೊಳೆಯಬಹುದಾದ ಬಣ್ಣವನ್ನೇ ತರಿಸಿದೆವು. ಕಟ್ಟೆಯ ಮೇಲಿನ ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಹಾಕಿಸಿದೆವು. ಬೆಳಕು ಈಗ ಮುಂದಿನಿಂದ ಬೀಳುತ್ತದೆ. ನಮ್ಮ ಕೋಣೆಗಾದ ಖರ್ಚಿನ ಮುಂದೆ ಇದು ಸಣ್ಣ ಮೊತ್ತ. ಬಾಕಿಯೊಂದನ್ನು ತೀರಿಸಿದೆವೆಂಬ ಸಮಾಧಾನ ಮುಖದಲ್ಲಿ ಕಂಡಿರಬೇಕು. ಆಕೆ ಸ್ವಿಚ್ ಹಾಕಿ, ಒಲೆಯ ಸುತ್ತ ಕಣ್ಣಾಡಿಸಿ ನಕ್ಕಳು: "ಇಷ್ಟು ದಿನ ಕಾಣದಿದ್ದ ಜಿಡ್ಡೆಲ್ಲ ಈಗ ಕಾಣ್ತದೆ. ಇನ್ನು ಒರೆಸಲಿಕ್ಕೆ ನೀವೂ ಬನ್ನಿ."

ಆಕೆಯ ಮಾತು ನಮ್ಮ ಸಮಾಧಾನಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಅಡುಗೆ ಕೋಣೆಗೆ ಒಳ್ಳೆಯ ದೀಪ ಹಾಕಿ, ಆ ದೀಪದಡಿ ಆಕೆಯನ್ನೇ ಒಬ್ಬಂಟಿಯಾಗಿ ನಿಲ್ಲಿಸಿದರೆ ನಾವು ಸರಿಪಡಿಸಿದ್ದು ಗೋಡೆಯನ್ನು ಮಾತ್ರ. ಐದು ಗಂಟೆಯ ಲೆಕ್ಕ ಹಾಗೆಯೇ ಉಳಿಯುತ್ತದೆ. ಸೌಲಭ್ಯ ಕೊಡುವುದು ಸುಲಭ, ಅದಕ್ಕೆ ಹಣವಿದ್ದರೆ ಸಾಕು. ಕೆಲಸ ಹಂಚಿಕೊಳ್ಳಲು ನಮ್ಮ ಸಮಯವನ್ನೇ ಕೊಡಬೇಕಾಗುತ್ತದೆ.

ಈಗ ಸಂಜೆ ಆರೂವರೆಗೆ ಕಚೇರಿ ಕೋಣೆಯ ದೀಪ ಆರಿಸುತ್ತೇವೆ. ಕೆಲವು ದಿನ ತಡವಾಗುತ್ತದೆ, ಕೆಲವು ದಿನ ನೆಪ ಸಿಗುತ್ತದೆ. ಅಡುಗೆ ಕೋಣೆಯ ಬಟ್ಟೆಯೊಂದು ಮಾತ್ರ ನಮ್ಮ ಹೆಸರಿಗೆ ಮೊಳೆಯಲ್ಲಿ ತೂಗುತ್ತಿರುತ್ತದೆ.