ಮರ ದೇವರೋ, ನೆಂಟನೋ?

ಬಿಳಿಗಿರಿರಂಗನ ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಅನೇಕರಿಗೆ ಸ್ವಾಮಿಯ ದರ್ಶನವಾದ ಮೇಲೆ ದೊಡ್ಡ ಸಂಪಿಗೆ ಮರಕ್ಕೂ ಕೈಮುಗಿದು ಹೋಗುವ ಆಸೆ. ಕಾಡಿನ ಮಧ್ಯೆ, ಭಾರ್ಗವಿ ಹೊಳೆಯ ಹತ್ತಿರ, ನೂರಾರು ವರ್ಷಗಳಿಂದ ನಿಂತಿರುವ ಈ ಮಹಾವೃಕ್ಷ ಸೋಲಿಗರಿಗೆ ಸಾಕ್ಷಾತ್ ದೇವರು. ಬುಡದಲ್ಲಿ ಲಿಂಗಗಳಿಗೆ ಪೂಜೆ ನಡೆಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಿಡಮರ ದೇವರಾದರೆ ಹಣ್ಣು ಕೀಳುವುದು, ಸೌದೆ ಮುರಿಯುವುದು, ಜೇನು ಬಿಡಿಸುವುದು ಪಾಪವಲ್ಲವೇ? ಪಾಪ ಅಂತ ಬಿಟ್ಟರೆ ಮನುಷ್ಯ ಬದುಕುವುದು ಹೇಗೆ? ಉಣ್ಣುವ ಅನ್ನವೂ ಗಿಡದ್ದೇ, ಸ್ವಾಮಿಗೆ ಏರಿಸುವ ತುಳಸಿಯೂ ಗಿಡದ್ದೇ ತಾನೇ?

ಇದಕ್ಕೆ ಸೋಲಿಗರ ಬಾಳಿನಲ್ಲೇ ಉತ್ತರವಿದೆ. ರಂಗನಾಥಸ್ವಾಮಿಯು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬುದು ಐತಿಹ್ಯ. ಹಾಗಾಗಿ ಸ್ವಾಮಿ ಅವರಿಗೆ 'ರಂಗಭಾವ'. ದೇವರೂ ಹೌದು, ನೆಂಟನೂ ಹೌದು. ಕಾಡಿನ ಜೊತೆಗೂ ಅವರದು ಇದೇ ಸಂಬಂಧ. ನೆಂಟರ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಬಹುದು, ಪಾತ್ರೆ ಬಳಿದುಕೊಂಡು ಬರುವ ಹಾಗಿಲ್ಲ. ಹೆಜ್ಜೇನು ಕೀಳುವಾಗ ಹುಳುವಿಗೆ ಒಂದು ಪಾಲು ಬಿಡಬೇಕು. ನೆಲ್ಲಿಕಾಯಿ ಉದುರಿಸುವಾಗ ಕಾಡುಪ್ರಾಣಿಗೂ, ನಾಳೆ ಮೊಳೆಯುವ ಬೀಜಕ್ಕೂ ಉಳಿಸಬೇಕು.

ಕಾಡು ಉಳಿಯಬೇಕಾದರೆ ಮನುಷ್ಯ ಅದನ್ನು ಮುಟ್ಟಲೇಬಾರದು ಅನ್ನುವವರೂ ಇದ್ದಾರೆ. 1974ರಲ್ಲಿ ಈ ಬೆಟ್ಟ ವನ್ಯಧಾಮವಾಯಿತು. ಸೋಲಿಗರು ಕಾಡಿನಲ್ಲಿ ಮಾಡುತ್ತಿದ್ದ ಬೇಸಾಯವೂ, ಬೇಸಿಗೆ ಬಲಿಯುವ ಮುಂಚೆ ಹಾಕುತ್ತಿದ್ದ ತರಗು ಬೆಂಕಿಯೂ ನಿಂತವು. ಆಮೇಲೆ ಕಾಡಿನ ತುಂಬ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಅಂತಾರೆ ಸೋಲಿಗ ಹಿರಿಯರು. ಕಾಳ್ಗಿಚ್ಚಿಗೆ ಹೆದರುವವರ ಚಿಂತೆಯೂ ಸುಳ್ಳಲ್ಲ. ಆದರೆ ಯಾವಾಗ, ಎಲ್ಲಿ, ಎಷ್ಟು ಎಂದು ಅರಿತ ಕೈ ಬೇರೆ, ಅರಿಯದೆ ಬೀಡಿ ಎಸೆಯುವ ಕೈ ಬೇರೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಜೇನು, ನೆಲ್ಲಿ ತರುವ ಸಮುದಾಯದ ಹಕ್ಕಿಗೆ ಮನ್ನಣೆ ಸಿಕ್ಕಿತು. ಅದರ ಜೊತೆಗೇ ಕಾಡು ಕಾಯುವ ಹೊಣೆಯೂ ಬಂತು.

ಯಾತ್ರಿಕರಿಗೂ ಇದರಲ್ಲಿ ಪಾಠವುಂಟು. ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ಬುಡದಲ್ಲೇ ಪ್ಲಾಸ್ಟಿಕ್ ಕವರು ಬಿಟ್ಟು ಹೋದರೆ ಅದು ಭಕ್ತಿಯಾದೀತೇ? ಮನೆಗೆ ಬಂದ ನೆಂಟ ಅಂಗಳದಲ್ಲಿ ಕಸ ಸುರಿದು ಹೋದರೆ ಯಾರು ತಾನೆ ಒಪ್ಪುತ್ತಾರೆ? ರಂಗನಾಥಸ್ವಾಮಿ ಈ ಕಾಡಿನಲ್ಲೆಲ್ಲ ಓಡಾಡುತ್ತಾನೆ, ಆದ್ದರಿಂದಲೇ ಅವನ ದೊಡ್ಡ ಚಪ್ಪಲಿಗಳು ಸವೆಯುತ್ತವೆ ಎಂದು ಭಕ್ತರು ನಂಬುತ್ತಾರೆ. ಹಾಗೆ ನಂಬಿದವರು ಸ್ವಾಮಿ ತುಳಿಯುವ ನೆಲದ ಮೇಲೆ ಒಡೆದ ಬಾಟಲಿ ಬಿಡಬಾರದು. ತಂದದ್ದನ್ನು ಹಿಂದಕ್ಕೆ ಒಯ್ಯಲಿ, ಹಸಿ ಕೊಂಬೆ ಮುರಿಯದಿರಲಿ. ಊರಿಗೆ ಹೋದ ಮೇಲೆ ಒಂದು ಗಿಡ ನೆಟ್ಟು ಬೇಸಿಗೆಯಲ್ಲಿ ನೀರು ಹೊಯ್ದರೆ ಅದೂ ಹರಕೆಯೇ.