ಸೊಕ್ಕು, ಗತ್ತು ಮತ್ತು ಸಂಗಡಿಗರು

‘ಅವ್ನ ಸೊಕ್ಕು ಎಂಗಾರ ಇರ್ಲಿ ಕನಪ್ಪ, ಗಂಟ್ಲು ಅದಲ್ಲ!’

ಚಾಮರಾಜನಗರದ ಕಡೆ ಹಾಡುಗಾರರ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆಂದು ಮಾತು ಮುಗಿಸಿಬಿಡುತ್ತಾರೆ. ಗಂಟಲು ಇದ್ದವನಿಗೆ ಸೊಕ್ಕು ಮಾಫಿ. ಶ್ರುತಿ ಕೂಡಲಿಲ್ಲವೆಂದು ನಡುರಾತ್ರಿ ಎದ್ದು ಹೋದವನ ಕಥೆ, ಬೀಡಿ ತರಲು ಹೋದ ಹುಡುಗ ವಾಪಸು ಬರುವವರೆಗೆ ಬಾಯಿ ತೆರೆಯದವನ ಕಥೆ, ಪಕ್ಕದೂರಿನ ಹಾಡುಗಾರನ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಿದ್ದವನ ಕಥೆ - ಇಂಥವನ್ನು ನಾವು ಟೀ ಅಂಗಡಿಯಲ್ಲಿ ನಗುನಗುತ್ತ ಹೇಳಿಕೊಳ್ಳುತ್ತೇವೆ. ನಕ್ಕು ಮುಗಿದ ಮೇಲೂ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಕಲೆ ಇದ್ದವನಿಗೆ ನಾವು ಯಾವ ಲೆಕ್ಕದಲ್ಲಿ ಈ ಮಾಫಿ ಕೊಡುತ್ತಿದ್ದೇವೆ? ಅದರ ಬೆಲೆ ತೆರುತ್ತಿರುವವರು ಯಾರು?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ಏಕೆಂದರೆ ಇಲ್ಲಿ ರಾತ್ರಿಯಿಡೀ ಹಾಡುವ ಕಥೆಗಳೇ ಸೊಕ್ಕು ಮುರಿದ ಕಥೆಗಳು. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸ್ವಾಮಿ ಕಲ್ಯಾಣಕ್ಕೆ ಬರುವುದು, ತಾವೇ ದೊಡ್ಡ ಶರಣರೆಂದುಕೊಂಡವರು ಮೂಗು ಮುಚ್ಚಿಕೊಳ್ಳುವಂಥ ವೇಷದಲ್ಲಿ. ಕುಲುಮೆ ಕೆಲಸದವರ ಮನೆಯ ಹುಡುಗ ಕೆಂಪಾಚಾರಿ ಅವನ ಶಿಷ್ಯನಾಗಿ ಸಿದ್ಧಪ್ಪಾಜಿಯಾಗುತ್ತಾನೆ. ಗುರು ಅವನನ್ನು ಕಳಿಸುವುದು ಹಲಗೂರಿನ ಪಾಂಚಾಳರ ಬಳಿಗೆ, ಕಬ್ಬಿಣದ ಭಿಕ್ಷೆಗೆ. ತನ್ನದೇ ಕಸುಬಿನವರ ಮುಂದೆ ಕೈಯೊಡ್ಡಬೇಕು! ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ದೇವತೆಗಳನ್ನೇ ಚಾಕರಿಗಿಟ್ಟುಕೊಂಡಿದ್ದ ಶ್ರವಣ ದೊರೆ ಮಣ್ಣುಪಾಲಾಗುತ್ತಾನೆ. ಇವನ್ನು ಹಾಡುವವರೂ ದೀಕ್ಷೆ ಪಡೆದವರು, ಭಿಕ್ಷೆಯ ವ್ರತದವರು. ಬೆಳಗಿನ ಜಾವದವರೆಗೆ ದೊರೆಯ ಸೊಕ್ಕಿಗೆ ಬಂದ ಗತಿಯನ್ನು ಹಾಡಿ, ಬೆಳಕು ಹರಿದ ಮೇಲೆ ಬಂದ ಕಾಸು ಹಂಚುವಾಗ ದಮ್ಮಡಿ ಬಾರಿಸಿದ ಹುಡುಗನನ್ನು ನಾಯಿಗೆ ಗದರಿದಂತೆ ಗದರುವ ಕಥೆಗಾರರೂ ಇದ್ದಾರೆ. ಎಲ್ಲರೂ ಹಾಗಲ್ಲ. ಆದರೆ ಇಲ್ಲವೆನ್ನಲು ಇಲ್ಲಿ ಬಾಳಿದ ಯಾರಿಗೂ ಆಗದು.

ಹಾಡುಗಾರನಿಗೆ ತನ್ನ ಮೇಲೆ ತನಗೆ ನಂಬಿಕೆ ಬೇಕು ಎಂಬುದು ನಿಜ. ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ, ಎದುರಿಗೆ ಒಂದು ಚೀಟಿಯೂ ಇಲ್ಲ. ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಈ ಕಾವ್ಯಗಳನ್ನು ಅಚ್ಚು ಹಾಕಿಸಿದಾಗ ಅವು ದಪ್ಪ ದಪ್ಪ ಪುಸ್ತಕಗಳಾದವು; ಅಷ್ಟನ್ನೂ ಒಬ್ಬ ಮನುಷ್ಯ ತಲೆಯಲ್ಲಿ ಹೊತ್ತು ತಿರುಗುತ್ತಾನೆ. ಮುಂದೆ ಕುಳಿತವರಲ್ಲಿ ಒಬ್ಬ ತೂಕಡಿಸುತ್ತಾನೆ, ಇನ್ನೊಬ್ಬ ಕುಡಿದು ಕೂಗುತ್ತಾನೆ, ಮಗುವೊಂದು ಅಳುತ್ತದೆ. ‘ನನ್ನ ಮಾತಿಗಾಗಿ ಈ ಊರು ನಿದ್ದೆಗೆಟ್ಟು ಕೂರುತ್ತದೆ’ ಎಂಬ ಹಟ ಇಲ್ಲದವನು ರಾತ್ರಿ ಹತ್ತಕ್ಕೇ ತಂಬೂರಿ ಕೆಳಗಿಟ್ಟಾನು. ಆ ಹಟವನ್ನು ಅಹಂಕಾರವೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ.

ಇಷ್ಟಕ್ಕೂ ‘ಸೊಕ್ಕು’ ಎಂಬ ಪದವನ್ನು ಯಾರು ಯಾರ ಮೇಲೆ ಎಸೆಯುತ್ತಾರೆ ಎಂಬುದನ್ನೂ ನೋಡಬೇಕು. ಸಾಹುಕಾರರ ಸೊಕ್ಕಿಗೆ ನಮ್ಮಲ್ಲಿ ‘ಗತ್ತು’ ಎಂಬ ಮರ್ಯಾದೆಯ ಹೆಸರಿದೆ. ಸೊಕ್ಕು ಎನ್ನುವುದು ಬಡವನಿಗೆ. ನೀಲಗಾರರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಸಮುದಾಯಗಳವರು. ಗುಂಡ್ಲುಪೇಟೆ ಕಡೆಯ ಹಳಬರು ಹೇಳುವ ಒಂದು ಕಥೆಯಿದೆ. ಹರಕೆಯ ಮನೆಯೊಂದಕ್ಕೆ ಕರೆಸಿದ್ದ ನೀಲಗಾರನಿಗೆ ಅಂಗಳದ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೊಟ್ಟರಂತೆ. ಆತ ಕೂರಲಿಲ್ಲ. ‘ಕಥೆ ಸ್ವಾಮಿದು ಬುದ್ಧಿ, ನಂದಲ್ಲ. ಸ್ವಾಮಿನ ಎಲ್ಲಿ ಕೂರುಸ್ತೀರೋ ಅಲ್ಲಿ ಕೂರ್ತೀನಿ’ ಎಂದು ನಿಂತೇ ಇದ್ದನಂತೆ. ಜಗಲಿಯ ಮೇಲೆ ಚಾಪೆ ಬೀಳುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತಂತೆ. ಆ ಮನೆಯವರು ಇದನ್ನು ಸೊಕ್ಕಿನ ಕಥೆಯೆಂದೇ ಹೇಳುತ್ತಿದ್ದರು. ಕೇಳಿಸಿಕೊಂಡ ನಮಗೆ ಹಾಗೆ ಅನ್ನಿಸಲಿಲ್ಲ.

ಉರ್ದುವಿನಲ್ಲಿ ಇದಕ್ಕೆ ಬೇರೆ ಪದವಿದೆ: ಖುದ್ದಾರಿ. ನಮ್ಮ ಉಸ್ತಾದರು ಶಾಲೆಯಲ್ಲಿ ಈ ಪದ ಕಲಿಸುವಾಗ ಮಿರ್ಜಾ ಗಾಲಿಬನ ಕಥೆ ಹೇಳುತ್ತಿದ್ದರು. 1842ರ ಸುಮಾರಿಗೆ ದೆಹಲಿ ಕಾಲೇಜಿನಲ್ಲಿ ಫಾರ್ಸಿ ಕಲಿಸುವ ಕೆಲಸಕ್ಕೆ ಥಾಮಸನ್ ಸಾಹೇಬ ಗಾಲಿಬನನ್ನು ಕರೆಸಿದ. ಗಾಲಿಬ್ ಪಲ್ಲಕ್ಕಿಯಲ್ಲಿ ಹೋಗಿ, ಸಾಹೇಬ ಹೊರಗೆ ಬಂದು ಎದುರುಗೊಳ್ಳಲೆಂದು ಬಾಗಿಲಲ್ಲೇ ಕಾದ. ನೌಕರಿಗೆ ಬಂದವನನ್ನು ಎದುರುಗೊಳ್ಳುವ ಪದ್ಧತಿಯಿಲ್ಲ ಎಂದು ಸಾಹೇಬ ಹೇಳಿದಾಗ, ಇದ್ದ ಮಾನವೂ ಹೋಗುವ ನೌಕರಿ ನನಗೆ ಬೇಡವೆಂದು ಪಲ್ಲಕ್ಕಿ ತಿರುಗಿಸಿದ. ಆಗ ಅವನಿಗೆ ಕಾಸಿನ ಅಗತ್ಯ ಬಹಳವಿತ್ತು. ತಕಬ್ಬುರ್ ಎಂದರೆ ಬೇರೆಯೇ. ಚಂದದ ಬಟ್ಟೆ, ಚಂದದ ಚಪ್ಪಲಿ ಇಷ್ಟಪಡುವುದೂ ಗರ್ವವೇ ಎಂದು ಒಬ್ಬರು ಕೇಳಿದಾಗ ಪ್ರವಾದಿಯವರು ಅಲ್ಲವೆಂದರು. ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಗರ್ವವೆಂದು ವಿವರಿಸಿದರು. ಕಲಾವಿದರ ಗುಣದೋಷ ತೂಗಲು ಇದಕ್ಕಿಂತ ನೇರವಾದ ತಕ್ಕಡಿ ನಮಗೆ ಸಿಕ್ಕಿಲ್ಲ.

ಈ ತಕ್ಕಡಿಯಲ್ಲಿಟ್ಟರೆ ಎಷ್ಟೋ ‘ಹುಚ್ಚಾಟ’ಗಳು ಹಗುರಾಗಿಬಿಡುತ್ತವೆ. ಮೈಸೂರು ಅರಮನೆಗೆ ಬಂದು ಹೋಗುತ್ತಿದ್ದ ಅಬ್ದುಲ್ ಕರೀಂ ಖಾನರು ಟಿಪ್ಪು ಎಂಬ ನಾಯಿ ಸಾಕಿ, ಅದಕ್ಕೆ ಸ್ವರ ಹಿಡಿಯುವುದನ್ನು ಕಲಿಸಿದ್ದರು. ನಗು ಬರುತ್ತದೆ, ಆದರೆ ಯಾರಿಗೆ ಏನು ನಷ್ಟ? ನಮ್ಮ ನೆರೆಯ ತಿರುಮಕೂಡಲಿನ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಬಿಗಿದಾಗ ಮೂಗು ಮುರಿದವರಿದ್ದರು. ಮೈಕು ಇಲ್ಲದ ಕಾಲದಲ್ಲಿ ದನಿ ಹಿಂದಿನ ಸಾಲಿಗೂ ಮುಟ್ಟಲೆಂದು ಮಾಡಿದ ಕೆಲಸ ಅದು. ಗೌಹರ್ ಜಾನ್‌ಳದು ಇನ್ನೂ ಸ್ವಾರಸ್ಯ. 1902ರಿಂದ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗುತ್ತಿದ್ದಳು. ಎಂಥ ಜಂಬ ಎನ್ನಬೇಕು! ಆದರೆ ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಚೀಟಿ ಅಂಟಿಸುವವನಿಗೆ ಹಾಡಿದವರು ಯಾರೆಂದು ತಿಳಿಯಲು ಆ ಕೂಗು ಬೇಕಿತ್ತು. ಕಲ್ಕತ್ತೆಯಲ್ಲಿ ಐಷಾರಾಮದಿಂದ ಮೆರೆದ ಆಕೆ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದಳು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ತವಾಯಫ್ ಎಂದು ಜನ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ ಒಬ್ಬ ಹೆಂಗಸು ತನ್ನ ಹೆಸರನ್ನು ತಾನೇ ಜೋರಾಗಿ ಹೇಳಿದ್ದನ್ನು ಸೊಕ್ಕು ಎನ್ನುವವರ ಜೊತೆ ನಾವಿಲ್ಲ.

ಕಷ್ಟವಾಗುವುದು ಖುದ್ದಾರಿಯೂ ತಕಬ್ಬುರ್ ಕೂಡ ಒಬ್ಬನಲ್ಲೇ ಇದ್ದಾಗ. ಅಮೆರಿಕದ ಕೆಂಟಕಿಯ ಹಳ್ಳಿಯಲ್ಲಿ ಹುಟ್ಟಿದ ಬಿಲ್ ಮನ್ರೋ (1911-1996) ಅಂಥವನು. ಹಳ್ಳಿಯ ಹಾಡುಗಳನ್ನು ಪಿಟೀಲು, ಬ್ಯಾಂಜೋ, ಮ್ಯಾಂಡೊಲಿನ್‌ಗಳ ಜೊತೆ ಹೊಸ ಓಟಕ್ಕೆ ಹಚ್ಚಿದ. ಆ ಸಂಗೀತಕ್ಕೆ ‘ಬ್ಲೂಗ್ರಾಸ್’ ಎಂಬ ಹೆಸರು ಬಂದದ್ದೇ ಅವನ ತಂಡದ ಹೆಸರಿನಿಂದ. ಅವನು ತನ್ನ ಮ್ಯಾಂಡೊಲಿನನ್ನು ರಿಪೇರಿಗೆಂದು ತಯಾರಿಸಿದ ಗಿಬ್ಸನ್ ಕಂಪನಿಗೇ ಕಳಿಸಿದ್ದ. ಹೇಳಿದ ಕೆಲಸವೆಲ್ಲ ಆಗದೆ ಅದು ವಾಪಸು ಬಂದಾಗ ಚಾಕು ತೆಗೆದು ಅದರ ಮೇಲಿದ್ದ ಕಂಪನಿಯ ಹೆಸರನ್ನೇ ಕೆರೆದುಹಾಕಿದ. ಹೆಸರಿಲ್ಲದ ಆ ವಾದ್ಯವನ್ನೇ ವರ್ಷಗಟ್ಟಲೆ ಜನರ ಮುಂದೆ ನುಡಿಸಿದ. 1980ರಲ್ಲಿ ಕಂಪನಿಯೇ ಅದನ್ನು ಸರಿಪಡಿಸಿಕೊಟ್ಟು ರಾಜಿಯಾಯಿತು. ಇಲ್ಲಿಯವರೆಗೆ ನಮಗೆ ಅವನ ಮೇಲೆ ಪ್ರೀತಿಯೇ ಹುಟ್ಟುತ್ತದೆ.

ಅದೇ ಮನ್ರೋನ ತಂಡದಲ್ಲಿ ಲೆಸ್ಟರ್ ಫ್ಲ್ಯಾಟ್, ಅರ್ಲ್ ಸ್ಕ್ರಗ್ಸ್ ಎಂಬಿಬ್ಬರು ಇದ್ದರು. ಸ್ಕ್ರಗ್ಸ್‌ನ ಮೂರು ಬೆರಳಿನ ಬ್ಯಾಂಜೋ ಇಲ್ಲದಿದ್ದರೆ ಆ ಸಂಗೀತಕ್ಕೆ ಇಂದಿನ ರೂಪವೇ ಇರುತ್ತಿರಲಿಲ್ಲ. 1948ರಲ್ಲಿ ಇಬ್ಬರೂ ಬಿಟ್ಟುಹೋಗಿ ಸ್ವಂತ ತಂಡ ಕಟ್ಟಿದರು. ಮನ್ರೋ ಸಹಿಸಲಿಲ್ಲ. ಗ್ರ್ಯಾಂಡ್ ಓಲೆ ಓಪ್ರಿ ಎಂಬ ಹೆಸರಾಂತ ರೇಡಿಯೊ ವೇದಿಕೆಗೆ ಅವರು ಬಾರದಂತೆ ಅಡ್ಡಗಾಲು ಹಾಕಿದ; 1955ರವರೆಗೆ ಅವರಿಗೆ ಅಲ್ಲಿ ಸದಸ್ಯತ್ವ ಸಿಗಲಿಲ್ಲ. ಫ್ಲ್ಯಾಟ್ ಜೊತೆ ಮಾತು ಬಿಟ್ಟವನು ಮತ್ತೆ ಕೈ ಕುಲುಕಿದ್ದು 1971ರಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ಕಂಪನಿಯ ಹೆಸರು ಕೆರೆದ ಕೈ, ಜೊತೆಗಾರರ ದಾರಿಗೆ ಅಡ್ಡ ಬಂದ ಕೈ ಎರಡೂ ಒಂದೇ. ಅಭಿಮಾನಿಗಳು ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ಮೆಚ್ಚುಗೆಯಲ್ಲಿ ಹೇಳಿಕೊಳ್ಳುತ್ತಾರೆ. ನಮ್ಮ ಟೀ ಅಂಗಡಿಯಲ್ಲೂ ನಡೆಯುವುದು ಇದೇ. ಚಾಪೆಗಾಗಿ ನಿಂತ ನೀಲಗಾರನ ಕಥೆ, ದಮ್ಮಡಿಯ ಹುಡುಗನನ್ನು ಬೈದ ಕಥೆಗಾರನ ಕಥೆ ಎರಡಕ್ಕೂ ಒಂದೇ ನಗು. ಒಂದು ತನಗಿಂತ ಮೇಲಿದ್ದವನ ಎದುರು ಎದ್ದು ನಿಂತದ್ದು, ಇನ್ನೊಂದು ತನ್ನನ್ನೇ ನೆಚ್ಚಿಕೊಂಡವನ ಮೇಲೆ ಎರಗಿದ್ದು.

ಹಿಮ್ಮೇಳದವನ ಪಾಡು ಯೋಚಿಸಿದ್ದೀರಾ? ಕಥೆಗಾರ ಸಾಲು ಎತ್ತಿದರೆ ಅದರ ಬಾಲ ಹಿಡಿದು ಮುಂದಕ್ಕೆ ಒಯ್ಯುವವರು ಅವರು. ಆತ ಉಸಿರು ತೆಗೆದುಕೊಳ್ಳುವುದು ಅವರ ದನಿಯ ಮರೆಯಲ್ಲಿ. ಬೆಳಗಿನ ಮೂರು ಗಂಟೆಗೆ ಆತನ ಗಂಟಲು ಒಡೆದಾಗ ಹಾಡು ನಿಲ್ಲದಂತೆ ನೋಡಿಕೊಳ್ಳುವವರೂ ಅವರೇ. ಕ್ಯಾಸೆಟ್ಟಿನ ಕಾಲದಲ್ಲಿ ಹೊದಿಕೆಯ ಮೇಲೆ ಒಬ್ಬನ ಫೋಟೊ, ಒಬ್ಬನ ಹೆಸರು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಮತ್ತು ಸಂಗಡಿಗರು’. ನಮ್ಮ ಉರುಸಿನ ಪೋಸ್ಟರುಗಳೂ ಕಡಿಮೆಯಿಲ್ಲ: ಇಂಥ ಕವ್ವಾಲ್ ‘ಔರ್ ಹಮ್‌ನವಾ’. ನುಸ್ರತ್ ಫತೇಹ್ ಅಲಿ ಖಾನರ ತಟ್ಟೆಗಳ ಮೇಲೆ ‘ಅಂಡ್ ಪಾರ್ಟಿ’. ಹಮ್‌ನವಾ ಎಂದರೆ ದನಿಗೆ ದನಿ ಸೇರಿಸುವವನು. ಪದವೇನೋ ಬಹಳ ಸುಂದರ. ಅದರೊಳಗೆ ಎಷ್ಟು ಜನ ಕುಳಿತಿದ್ದಾರೆ, ಅವರ ಮನೆ ಎಲ್ಲಿ, ಮಕ್ಕಳು ಓದುತ್ತಿದ್ದಾರೆಯೇ ಎಂದು ಅದು ಹೇಳುವುದಿಲ್ಲ.

ದೊಡ್ಡ ಕಲೆಯ ಜೊತೆ ದೊಡ್ಡ ಅಹಂ ಬಂದೇ ಬರುತ್ತದೆ, ಸಹಿಸಬೇಕು ಎನ್ನುವವರಿಗೆ ಮಲ್ಲಿಕಾರ್ಜುನ ಮನ್ಸೂರರನ್ನು ನೆನಪಿಸಬೇಕು. ಮಂಜಿಖಾನರು ತೀರಿಕೊಂಡ ಮೇಲೆ, ಆಗಲೇ ಹೆಸರು ಮಾಡಿದ್ದ ಮನ್ಸೂರರು ಅವರ ತಮ್ಮ ಬುರ್ಜಿಖಾನರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. ಹಾಗೆ ಕೂತದ್ದರಿಂದ ಅವರ ಹಾಡು ಸಣ್ಣದಾಗಲಿಲ್ಲ. ಅಹಂಕಾರ ಕಲೆಯ ಖರ್ಚು ಎಂಬುದು ಬಹುಪಾಲು ಕೇಳುಗರಾದ ನಾವು ಕಟ್ಟಿಕೊಂಡ ನೆಪ. ಆ ಖರ್ಚು ಬೀಳುವುದು ನಮ್ಮ ಜೇಬಿಗಲ್ಲವಲ್ಲ! ಕಥೆಗಾರ ಬೈದದ್ದು ದಮ್ಮಡಿಯ ಹುಡುಗನನ್ನು. ನಮಗೆ ಸಿಕ್ಕಿದ್ದು ಹಾಡು, ಜೊತೆಗೆ ಹೇಳಿಕೊಂಡು ನಗಲೊಂದು ಕಥೆ.

ಕಥೆಗಾರನೊಬ್ಬನನ್ನೇ ದೂರುವುದೂ ಸರಿಯಲ್ಲ. ಈಚೆಗೆ ನಮ್ಮ ಕಡೆಯ ಜನಪದ ಉತ್ಸವವೊಂದರ ಆಹ್ವಾನ ಪತ್ರಿಕೆ ಕೈಗೆ ಬಂತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ ಎಂದು ಮೂವತ್ತೊಂದು ಹೆಸರುಗಳಿದ್ದವು, ಪದವಿ ಬಿರುದುಗಳ ಸಮೇತ. ಕೊನೆಯಲ್ಲಿ ಮಂಟೇಸ್ವಾಮಿ ಕಥೆ ಹಾಡುವವರ ಹೆಸರು ಒಂದು, ‘ಮತ್ತು ಸಂಗಡಿಗರು’. ತಂಡದಲ್ಲಿ ಎಷ್ಟು ಜನ ಎಂದು ಸಂಘಟಕರನ್ನು ವಿಚಾರಿಸಿದೆವು. ನಾಲ್ವರಂತೆ. ಉಳಿದ ಮೂರು ಹೆಸರು ಯಾಕೆ ಹಾಕಲಿಲ್ಲ ಎಂದರೆ, ‘ಜಾಗ ಸಾಲ್ದೆ ಓಯ್ತು ಸಾರ್’ ಎಂದರು.