ಖೈರಾತೋ, ಹಕ್ಕೋ?

ರಾತ್ರಿ ಯಾರದೋ ಕುರಿಮಂದೆ ನುಗ್ಗಿ ಹನೂರಿನ ಕಡೆಯ ನಿಮ್ಮ ರಾಗಿ ಹೊಲವನ್ನು ಮೇಯ್ದು ಹೋಯಿತೆಂದು ಭಾವಿಸಿ. ಬೆಳಿಗ್ಗೆ ಮಂದೆಯ ಒಡೆಯನು ಒಂದು ಸೇರು ರಾಗಿ ತಂದು, "ಬಡವನಿಗೆ ನನ್ನ ಕೈಲಾದ ದಾನ" ಎಂದರೆ ಒಪ್ಪುವಿರಾ? ಇಂಥದೇ ವ್ಯಾಜ್ಯವೊಂದು ದಾವೂದ್(ಅ) ಮತ್ತು ಸುಲೈಮಾನ್(ಅ)ರ ಮುಂದೆ ಬಂದುದನ್ನು ಕುರ್‌ಆನ್ ಅಲ್ ಅಂಬಿಯಾ ಅಧ್ಯಾಯದಲ್ಲಿ ಪ್ರಸ್ತಾಪಿಸಿದೆ. ವ್ಯಾಖ್ಯಾನಕಾರರು ವಿವರಿಸುವಂತೆ, ಸುಲೈಮಾನ್(ಅ)ರ ತೀರ್ಪಿನಲ್ಲಿ ಹೊಲ ಮೊದಲಿನಂತಾಗುವ ತನಕ ಮಂದೆಯ ಒಡೆಯನೇ ಅದನ್ನು ದುಡಿದು ಸರಿಪಡಿಸಬೇಕು. ಅಲ್ಲಿಯವರೆಗೆ ಕುರಿಗಳ ಹಾಲು, ಉಣ್ಣೆ ಹೊಲದವನಿಗೆ. ದಾನದ ಮಾತೇ ಅಲ್ಲಿಲ್ಲ. (ಅಂದ ಹಾಗೆ, ನಮ್ಮ ಕನ್ನಡದ 'ಹಕ್ಕು' ಅರಬಿಯ 'ಹಕ್ಖ್'ನಿಂದಲೇ ಬಂದುದು.)

ಇದೇ ವ್ಯಾಜ್ಯ ಇಂದು ದೇಶ ದೇಶಗಳ ನಡುವೆ ನಡೆದಿದೆ. ಮಾಲ್ದೀವ್ಸ್‌ನ ನೆಲದ ಶೇ. 80ರಷ್ಟು ಭಾಗ ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಕೂಡ ಎತ್ತರವಿಲ್ಲ. ಭೂಮಿಯನ್ನು ಬಿಸಿ ಮಾಡಿ ಕಡಲನ್ನು ಏರಿಸುತ್ತಿರುವ ಹೊಗೆಯಲ್ಲಿ ಆ ದ್ವೀಪವಾಸಿಗಳ ಪಾಲು ನಗಣ್ಯ. 1987ರಲ್ಲಿಯೇ ಅವರ ಅಧ್ಯಕ್ಷ ಗಯೂಮ್ ವಿಶ್ವಸಂಸ್ಥೆಯಲ್ಲಿ ಮೊರೆಯಿಟ್ಟಿದ್ದರು. 2020ರೊಳಗೆ ಬಡ ದೇಶಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಒದಗಿಸುವೆವೆಂದು ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲಿಯೂ ದೊಡ್ಡ ಪಾಲು ಸಾಲ! ಕುರಿಯವನು ಹೊಲದವನಿಗೆ ಸಾಲ ಕೊಟ್ಟಂತಾಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ 'ನಷ್ಟ'ದ ಮಾತು ಸೇರಿತಾದರೂ, ಅದು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದೆಂದು ಜೊತೆಯಲ್ಲೇ ನಿರ್ಣಯ ಬರೆದುಕೊಂಡರು. ಕೊಡುತ್ತೇವೆ, ಆದರೆ ನೀವು ಕೇಳುವಂತಿಲ್ಲ ಎಂದರ್ಥ. 2025ರ ಜುಲೈಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವು, ಬಾಧ್ಯತೆ ಮುರಿದ ದೇಶ ಪೂರ್ಣ ಪರಿಹಾರ ಕೊಡಬೇಕಾಗಬಹುದೆಂದು ಅಭಿಪ್ರಾಯಪಟ್ಟಿತು. ಒಟ್ಟು ಹೊಗೆಯ ಲೆಕ್ಕದಲ್ಲಿ ನಮ್ಮ ದೇಶವೂ ಇಂದು ಮುಂಚೂಣಿಯಲ್ಲಿದೆಯೆಂಬುದನ್ನು ಮರೆಯಬಾರದು. ಮಂದೆಯಲ್ಲಿ ನಮ್ಮ ಕುರಿಗಳೂ ಇವೆ.

ಮಳೆ, ಪ್ರವಾಹಗಳೆಲ್ಲ ಅಲ್ಲಾಹನ ವಿಧಿಯಲ್ಲವೇ ಎನ್ನುವವರುಂಟು. ಕುರಿ ಹೊಲಕ್ಕೆ ನುಗ್ಗಿದ್ದೂ ಅವನ ವಿಧಿಯ ಹೊರಗಲ್ಲ. ಆದರೂ ತೀರ್ಪು ಒಡೆಯನನ್ನು ಬಿಡಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. 2018ರಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲದ ದಾಸನಪುರ, ಮುಳ್ಳೂರುಗಳಿಗೆ ನೀರು ನುಗ್ಗಿತು. 2023ರಲ್ಲಿ ಮಳೆಯೇ ಇಲ್ಲದೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ಬರದಲ್ಲಿ ಯಾರ ಹೊಗೆಯ ಪಾಲು ಎಷ್ಟೆಂದು ಅಳೆಯಲಾಗದು. ಆದರೆ ಪರಿಹಾರದ ಹಣ ಖೈರಾತೋ ಹಕ್ಕೋ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ರಾಜ್ಯ ಸರಕಾರ 18,171 ಕೋಟಿ ರೂ. ಕೇಳಿ, 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ದಾನವಾಗಿದ್ದರೆ ಕೋರ್ಟಿಗೆ ಹೋಗುವುದುಂಟೇ?

ದೆಹಲಿ, ಪ್ಯಾರಿಸ್‌ಗಳನ್ನು ಟೀಕಿಸುವುದು ಸುಲಭ. ಕೊಳ್ಳೇಗಾಲದಲ್ಲೋ ಯಳಂದೂರಿನಲ್ಲೋ ಮನೆ ಮಾಡಿಕೊಂಡು, ಹನೂರಿನ ಹೊಲವನ್ನು ವಾರಕ್ಕೆ ಕೊಟ್ಟವರು ನಮ್ಮ ಓದುಗರಲ್ಲಿಯೂ ಇರಬಹುದು. ಬಿತ್ತಿದವನು, ಗೊಬ್ಬರಕ್ಕೆ ಸಾಲ ಮಾಡಿದವನು ವಾರದವನು. ಬೆಳೆ ಪರಿಹಾರ ಬೀಳುವುದು ಮಾತ್ರ ಪಹಣಿಯಲ್ಲಿ ಹೆಸರಿರುವವನ ಬ್ಯಾಂಕ್ ಖಾತೆಗೆ. 2024ರ ಜನವರಿಯಲ್ಲಿ ಮೊದಲ ಕಂತಾಗಿ ಬಂದ 2,000 ರೂಪಾಯಿವರೆಗಿನ ಹಣವೂ ಹಾಗೆಯೇ. ಆ ಹಣ ಯಾರದು? ಅದನ್ನು ಇಟ್ಟುಕೊಂಡು, ರಮಝಾನಿನಲ್ಲಿ ಅದೇ ವಾರದವನ ಕೈಗೆ ಐನೂರು ರೂಪಾಯಿಯನ್ನು ಝಕಾತ್ ಎಂದು ಕೊಟ್ಟರೆ, ಅವನು ಎರಡೂ ಕೈ ಮುಗಿದು ಸ್ವೀಕರಿಸಿಯಾನು. ಅವನ ಹಣವನ್ನೇ ಅವನಿಗೆ ಕೊಟ್ಟುದು ಝಕಾತ್ ಆಗುವುದೇ? ಮುಂದೆ ಪರಿಹಾರ ಜಮೆಯಾದ ದಿನ ಅವನನ್ನು ಮನೆಗೆ ಕರೆಯಿರಿ. ಬೀಜಕ್ಕೆ, ಉಳುಮೆಗೆ, ಗೊಬ್ಬರಕ್ಕೆ ಎಷ್ಟು ಸುರಿದೆ ಎಂದು ಕೇಳಿ, ಅವನೆದುರಿಗೇ ಲೆಕ್ಕ ಬರೆಯಿರಿ.